ಮಹಾಗೋಡೆಯ ಮೇಲೊಂದು ಸನ್ಮಾನ

ನಾವು ದುಬೈಯಿಂದ ಬೀಜಿಂಗಿಗೆ ಹೊರಟದ್ದು ಚೀನಾದ ಮಹಾಗೋಡೆ ನೋಡಲಿಕ್ಕೆ. ಇದನ್ನು ಮೊದಲ ಸಾಲಿನಲ್ಲೇ ಬರೆದಿಡುತ್ತೇನೆ, ಏಕೆಂದರೆ ಹೋಗಿ ಬಂದ ಇಪ್ಪತ್ತು ಚಿಲ್ಲರೆ ಜನರಲ್ಲಿ ಹೆಚ್ಚಿನವರಿಗೆ ಈ ವಿಷಯ ಈಗ ನೆನಪಿದ್ದಂತಿಲ್ಲ. ಮೊನ್ನೆ ನಮ್ಮ ದುಬೈ ಕನ್ನಡ ಸಂಘದ ಅಧ್ಯಕ್ಷರು ಫೋನ್ ಮಾಡಿದ್ದರು. "ಗಿರಿಜಾ ಮೇಡಂ, ಫೋಟೋ ಎಲ್ಲ ಈ ಸಂಚಿಕೆಯಲ್ಲಿ ಬಂತು. ಮುಂದಿನದಕ್ಕೆ ನೀವೊಂದು ಪ್ರವಾಸ ಕಥನ ಬರೆದುಕೊಡಿ. ಸನ್ಮಾನದ ವಿವರ ಮಾತ್ರ ಬಿಡ್ಬೇಡಿ" ಎಂದರು. ಬಿಡುವುದಿಲ್ಲ. ಒಂದು ಚೂರೂ ಬಿಡದೆ ಬರೆಯುತ್ತೇನೆ. ಅಚ್ಚು ಹಾಕುವ ಧೈರ್ಯ ಅವರಿಗಿದೆಯೋ ಇಲ್ಲವೋ ಅದು ಅವರಿಗೆ ಬಿಟ್ಟದ್ದು.

ನಾನು ಗದಗಿನವಳು. ದುಬೈಯ ದೇರಾದಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನನ್ನ ಗಂಡ ಬಸವರಾಜ ದಿನಾ ಅಬುಧಾಬಿಗೆ ಹೋಗಿಬರುವ ಇಂಜಿನಿಯರು; ಅವರಿಗೆ ರಜೆ ಸಿಗಲಿಲ್ಲ. ನಾನು ಈ ಪ್ರವಾಸಕ್ಕೆ ಹೆಸರು ಕೊಟ್ಟದ್ದು ಜೆಸಿಂತಾ ಬಾಯಿಗಾಗಿ. ಮದುವೆಯಾಗಿ ನಾನು ದುಬೈಗೆ ಬಂದಾಗ ಅಲ್ ಮುರಕ್ಕಬಾತ್‌ನ ಒಂದು ಫ್ಲ್ಯಾಟಿನಲ್ಲಿ ನಮಗೊಂದು ಕೋಣೆ, ಅವರಿಗೊಂದು ಕೋಣೆ, ಅಡುಗೆಮನೆ ಎರಡೂ ಕಡೆಯವರಿಗೆ ಸೇರಿ. ಇಲ್ಲಿ ಅದಕ್ಕೆ ಶೇರಿಂಗ್ ಎನ್ನುತ್ತಾರೆ. ನನ್ನ ಮಗಳು ಹುಟ್ಟಿದಾಗ ಅವ್ವನಿಗೆ ವೀಸಾ ಆಗಲಿಲ್ಲ. ಬಾಣಂತನ ಮಾಡಿದವರು ಕರಾವಳಿಯ ಶಿರ್ವದ ಈ ಜೆಸಿಂತಾ ಬಾಯಿ. ಬೆಳಿಗ್ಗೆ ಹೋಟೆಲಿನ ಕೆಲಸಕ್ಕೆ ಹೋಗುವ ಮೊದಲು ಮಗುವಿಗೆ ನೀರು ಹಾಕಿ, ನನಗೆ ಮೆಂತೆ ಗಂಜಿ ಕುಡಿಸಿ ಹೋಗುತ್ತಿದ್ದರು. ಅವರ ಹೊರತು ಈ ಊರಿನಲ್ಲಿ ನಾನು ಯಾರ ಮಾತೂ ಕೇಳಿದವಳಲ್ಲ.

ಅವರು ಒಂದೇ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಸೇರಿ, ಅಲ್ಲೇ ಸೂಪರ್‌ವೈಸರ್ ಆದವರು. ಆ ಹೋಟೆಲಿನ ಒಂದು ಮಹಡಿಯಲ್ಲಿ, ಲಿಫ್ಟಿನ ಎದುರು, ಗಾಜು ಹಾಕಿದ ದೊಡ್ಡ ಚಿತ್ರವೊಂದಿದೆ. ಬೆಟ್ಟದ ಬೆನ್ನ ಮೇಲೆ ಏರಿ ಹೋಗುವ ಮಹಾಗೋಡೆ, ತುದಿಯಲ್ಲೊಂದು ಬುರುಜು, ಬುರುಜಿಗೊಂದು ಕಪ್ಪು ಬಾಗಿಲು. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಆ ಗಾಜನ್ನು ದಿನಾ ಒರೆಸಿದವರು ಅವರು. ಸೂಪರ್‌ವೈಸರ್ ಆದಮೇಲೂ, ಹುಡುಗಿಯರು ಒರೆಸಿದ್ದು ಸರಿಯಾಗಿಲ್ಲ ಎಂದು ನೆಪ ಹೇಳಿ ತಾವೇ ಒರೆಸುತ್ತಿದ್ದರು.

"ಆ ಬಾಗಿಲಿನ ಆಚೆ ಎಂತ ಉಂಟು ಅಂತ ಎಷ್ಟು ವರ್ಷ ಯೋಚನೆ ಮಾಡಿದ್ದೇನೆ ಗೊತ್ತುಂಟಾ ನಿಂಗೆ?" ಎಂದು ಒಂದು ಶುಕ್ರವಾರ ನನ್ನ ಅಡುಗೆಮನೆಯಲ್ಲಿ ನಿಂತು ಹೇಳಿದರು. "ನವೆಂಬರ್ ಕೊನೆಗೆ ವೀಸಾ ಖಲಾಸ್. ಶಿರ್ವಕ್ಕೆ ಹೋಗಿ ಕೂತ ಮೇಲೆ ನನ್ನನ್ನು ಚೀನಾಕ್ಕೆ ಯಾರು ಕರ್ಕೊಂಡು ಹೋಗ್ತಾರೆ ಮಾರಾಯ್ತಿ?"

ಅದೇ ವಾರ ಸಂಘದ ವಾಟ್ಸಾಪ್ ಗುಂಪಿನಲ್ಲಿ ಚೀನಾ ಪ್ರವಾಸದ ಸುದ್ದಿ ಬಂತು. ರಾಜ್ಯೋತ್ಸವದ ದಿನವೇ ಮಹಾಗೋಡೆಯ ಮೇಲೆ! ಇಬ್ಬರೂ ಹೆಸರು ಕೊಟ್ಟೆವು. ಬಾಯಿಗೆ ಮಂಡಿನೋವು. ಆದರೂ ಮಾರನೆಯ ದಿನದಿಂದಲೇ ಕೆಲಸ ಮುಗಿದ ಮೇಲೆ ಹೋಟೆಲಿನ ಹಿಂದಿನ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಶುರುಮಾಡಿದರು.

ಪೂರ್ವಭಾವಿ ಸಭೆ ನಡೆದದ್ದು ಮಿರ್ದಿಫ್‌ನಲ್ಲಿ, ಅಧ್ಯಕ್ಷರ ವಿಲ್ಲಾದಲ್ಲಿ. ಅಧ್ಯಕ್ಷರ ಹೆಸರು ಸದಾನಂದ, ಎಲ್ಲರಿಗೂ ಸದಣ್ಣ. ಕೆಟ್ಟ ಮನುಷ್ಯ ಅಲ್ಲ. ಯಾರಿಗಾದರೂ ಕಷ್ಟ ಎಂದರೆ ಮೊದಲು ಓಡುವವರು ಅವರೇ. ಆದರೆ ನಾಲ್ಕು ಜನ ಸೇರಿದ ಕಡೆ ಒಂದು ಬ್ಯಾನರ್ ಕಟ್ಟದಿದ್ದರೆ, ಒಬ್ಬರಿಗೆ ಶಾಲು ಹೊದಿಸದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅಂದಿನ ಸಭೆಯಲ್ಲಿ ಚಟ್ನಿಪುಡಿ ಯಾರು ತರಬೇಕು, ಬೀಜಿಂಗಿನಲ್ಲಿ ಅನ್ನ ಸಾರು ಎಲ್ಲಿ ಸಿಗುತ್ತದೆ, ಪ್ರವಾಸಕ್ಕೆ ಹಣ ಕೊಟ್ಟು ಜೊತೆಗೇ ಬರುವ ಪ್ರಾಯೋಜಕರ ಫೋಟೋ ಬ್ಯಾನರಿನಲ್ಲಿ ಎಡಕ್ಕೋ ಬಲಕ್ಕೋ, ಇದೆಲ್ಲ ಚರ್ಚೆಯಾಯಿತು. ಗೋಡೆಯ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ನಾನೇ ಎದ್ದು, ಗೋಡೆಯ ಮೇಲೆ ನಮಗೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಕೇಳಿದೆ. "ಬೇಕಾದಷ್ಟು ಮೇಡಂ! ಇಡೀ ಮಧ್ಯಾಹ್ನ ನಮ್ಮದೇ" ಎಂದು ಸದಣ್ಣ ಕೈಯೆತ್ತಿ ಹೇಳಿದರು. ಆ ಮಾತನ್ನು ನಂಬಿದ್ದೆ.

ಅಕ್ಟೋಬರ್ ಕೊನೆಯಲ್ಲಿ ಹೊರಟೆವು. ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ನನ್ನ ಮಗಳು ತಬ್ಬಿಕೊಂಡು, "ಅಮ್ಮಾ, ಪ್ಲೀಸ್, ಡೋಂಟ್ ಫೈಟ್ ವಿತ್ ಎನಿಬಡಿ" ಎಂದಳು. ಇಲ್ಲವ್ವ ಎಂದೆ. ಒಳಗೆ ಹೋಗಿ ನೋಡುತ್ತೇನೆ, ಬ್ಯಾಗೇಜಿನ ಸಾಲಿನ ಪಕ್ಕದಲ್ಲಿ ಸದಣ್ಣ ಒಂದು ದೊಡ್ಡ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದಾರೆ. ಅದರೊಳಗೆ ಮೈಸೂರು ಪೇಟ, ಜರಿ ಅಂಚಿನ ಶಾಲು, ವೆಲ್ವೆಟ್ ಡಬ್ಬಿಯಲ್ಲಿ ಸ್ಮರಣಿಕೆ, ಗಂಧದ ಹಾರ. ತೂಕ ಹೆಚ್ಚಾಗಿತ್ತು. ಅದನ್ನೆಲ್ಲ ಯಾರ ಚೀಲದಲ್ಲಿ ಜಾಗವಿದೆಯೋ ಅವರಿಗೆ ಹಂಚುತ್ತಿದ್ದರು. ಜಾಗ ಇದ್ದದ್ದು ಯಾರ ಚೀಲದಲ್ಲಿ? ಅವಲಕ್ಕಿ, ಉಪ್ಪಿನಕಾಯಿ, ಕುಕ್ಕರ್ ಯಾವುದನ್ನೂ ತುಂಬಿಸಿಕೊಳ್ಳದೆ ಬಂದ ಜೆಸಿಂತಾ ಬಾಯಿಯ ಚೀಲದಲ್ಲಿ.

"ಬಾಯಿ, ನಿಮ್ದು ಖಾಲಿ ಉಂಟಲ್ಲ? ಇದೊಂದು ಶಾಲು, ಇದೆರಡು ಸ್ಮರಣಿಕೆ. ಜಾಗ್ರತೆ ಆಯ್ತಾ, ಗಾಜಿನದ್ದು" ಎಂದು ಸದಣ್ಣ ತುರುಕಿದರು. ಬಾಯಿ ಜಿಪ್ಪು ಎಳೆದುಕೊಂಡರು. ನನಗೆ ಅಲ್ಲೇ ಉರಿಯಿತು. ಮಗಳಿಗೆ ಕೊಟ್ಟ ಮಾತು ನೆನಪಾಗಿ ಸುಮ್ಮನಾದೆ.

ಏಳು ಗಂಟೆ ಮೀರಿದ ಹಾರಾಟ. ಬೀಜಿಂಗಿನಲ್ಲಿ ಇಳಿದಾಗ ಚಳಿ ಕಿವಿಗೆ ಚುಚ್ಚುತ್ತಿತ್ತು. ಗೈಡ್ ಹೆಂಗಸು ನನ್ನ ವಯಸ್ಸಿನವರೇ, ಮಧ್ಯವಯಸ್ಸು. ತಮ್ಮ ನಿಜವಾದ ಹೆಸರು ನಮ್ಮ ಬಾಯಿಯಲ್ಲಿ ಹೊರಳುವುದಿಲ್ಲ ಎಂದುಕೊಂಡು, "ನನ್ನನ್ನು ಹೆಲೆನ್ ಅನ್ನಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಲ್ಲಿಂದ ನೇರ ಒಂದು ಇಂಡಿಯನ್ ರೆಸ್ಟೋರೆಂಟಿಗೆ. ಅನ್ನ, ದಾಲ್, ಆಲೂ ಗೋಬಿ. ಮಾರನೆಯ ಮಧ್ಯಾಹ್ನ ಅದೇ ಅನ್ನ, ಅದೇ ದಾಲ್, ಅದೇ ಆಲೂ ಗೋಬಿ. ರಾತ್ರಿಯೂ ಅದೇ. ಅಲ್ರೀ, ದೇರಾದಲ್ಲಿ ಬೀದಿಗೊಂದು ಕಡೆ ಸಿಗುವ ಆಲೂ ಗೋಬಿ ತಿನ್ನಲಿಕ್ಕೆ ಬೀಜಿಂಗಿಗೆ ಹೋಗಬೇಕೆ?

ಚೀನಾದಲ್ಲಿ ಒಂದೇ ಒಂದು ಸಮಾಧಾನವೆಂದರೆ ಹೋಟೆಲಿನ ವೈಫೈಯಲ್ಲಿ ವಾಟ್ಸಾಪ್ ನಡೆಯುವುದಿಲ್ಲ. ರೋಮಿಂಗ್ ಹಾಕಿಸಿಕೊಂಡಿದ್ದ ಒಬ್ಬಿಬ್ಬರನ್ನು ಬಿಟ್ಟರೆ ಸಂಘದ ಗುಂಪು ಬಾಯಿ ಮುಚ್ಚಿಕೊಂಡಿತ್ತು.

ಎರಡನೆಯ ದಿನ ಹಳೆಯ ಅರಸರ ಅರಮನೆ. ಅಂಗಳದ ಹಿಂದೆ ಅಂಗಳ, ಬಾಗಿಲಿನ ಹಿಂದೆ ಬಾಗಿಲು. ಅದನ್ನು ಬಸ್ಸು ತಪ್ಪಿದವರ ಹಾಗೆ ಓಡಿ ಓಡಿ ಮುಗಿಸಿದೆವು. ರೇಷ್ಮೆ ಅಂಗಡಿಯಲ್ಲಿ ಮಾತ್ರ ಯಾರಿಗೂ ಅವಸರ ಇರಲಿಲ್ಲ. ಅಲ್ಲಿ ಎಲ್ಲರೂ ರಜಾಯಿಗಳನ್ನು ಹಿಸುಕಿ ಹಿಸುಕಿ ನೋಡುತ್ತಿದ್ದಾಗ ನಾನೂ ಬಾಯಿಯೂ ಹೊರಗೆ ಜಾರಿಕೊಂಡೆವು. ರಸ್ತೆ ಬದಿಯಲ್ಲಿ ಒಬ್ಬಾಕೆ ಬಿದಿರಿನ ಬುಟ್ಟಿಯಲ್ಲಿ ಸೊಪ್ಪು, ಮೊಟ್ಟೆ ತುಂಬಿದ ಕಡುಬಿನಂಥದ್ದನ್ನು ಆವಿಯಲ್ಲಿ ಬೇಯಿಸಿ ಕೊಡುತ್ತಿದ್ದಳು. ನಿಂತುಕೊಂಡೇ ತಿಂದೆವು. ಜೆಸಿಂತಾ ಬಾಯಿ ಸುಟ್ಟ ತುಟಿಯನ್ನು ಒರೆಸಿಕೊಂಡು, "ನಾಳೆ ಅಲ್ವಾ ಗಿರಿಜಾ?" ಎಂದು ಕೇಳಿದರು. ಆ ದಿನ ಅದನ್ನು ಕೇಳುತ್ತಿದ್ದದ್ದು ಅದು ಮೊದಲ ಸಲವೇನಲ್ಲ.

ಮೂರನೆಯ ದಿನ ನವೆಂಬರ್ ಒಂದು. ಗೋಡೆಯ ನಾವು ನೋಡಬೇಕಿದ್ದ ಭಾಗ ನಗರದಿಂದ ಎಪ್ಪತ್ತು ಕಿಲೋಮೀಟರ್ ದೂರ, ಬೆಟ್ಟದಲ್ಲಿ. ಬಾಯಿ ದೇರಾದಲ್ಲಿ ಕೊಂಡ ಕೆಂಪು ಸ್ವೆಟರ್ ಹಾಕಿಕೊಂಡು, ಎಲ್ಲರಿಗಿಂತ ಮೊದಲು ಬಸ್ಸಿನ ಕಿಟಕಿಯಲ್ಲಿ ಕೂತಿದ್ದರು. ಉಳಿದವರು ಬರುವಷ್ಟರಲ್ಲಿ ಹೊತ್ತು ಏರಿತ್ತು. ಯಾರದೋ ಸೀರೆಗೆ ಹೊಂದುವ ಕೋಟು ಸಿಕ್ಕಿರಲಿಲ್ಲವಂತೆ.

ಅರ್ಧ ದಾರಿಯಲ್ಲಿ ಬಸ್ಸು ಒಂದು ಹಸಿರು ಕಲ್ಲಿನ ಆಭರಣದ ಅಂಗಡಿಯ ಮುಂದೆ ನಿಂತಿತು. ಇದು ಬೇಡ ಎಂದು ಹೆಲೆನ್‌ಗೆ ಹೇಳಿದೆ. ಅವರು ತಗ್ಗಿದ ದನಿಯಲ್ಲಿ, "ನಿಲ್ಲಿಸಲೇಬೇಕು ಮೇಡಂ, ನನ್ನ ಕಂಪನಿಯ ನಿಯಮ. ಹೆಚ್ಚು ಹೊತ್ತು ಬೇಡ, ನೋಡಿ ಬಂದುಬಿಡಿ" ಎಂದರು. ಆ ಹೆಂಗಸಿನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನಮ್ಮವರ ಮೇಲೆ. ಚೀನಾದ ಅಂಗಡಿಯನ್ನು ನಮ್ಮ ದೇರಾದ ನೈಫ್ ರಸ್ತೆಯ ಅಂಗಡಿ ಎಂದುಕೊಂಡು, "ಲಾಸ್ಟ್ ಪ್ರೈಸ್? ಯಲ್ಲಾ, ಲಾಸ್ಟ್ ಪ್ರೈಸ್ ಹೇಳು" ಎಂದು ಚೌಕಾಸಿಗೆ ನಿಂತವರು ಅಲುಗಾಡಲಿಲ್ಲ. ಬಾಯಿ ಬಸ್ಸಿನಿಂದ ಇಳಿಯಲೇ ಇಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಮಂಡಿಗೆ ನೋವಿನ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂತಿದ್ದರು.

ಕೊನೆಗೂ ಬೆಟ್ಟದ ಬುಡ ತಲುಪಿದೆವು. ಮರಗಳೆಲ್ಲ ಹಳದಿ, ಕೆಂಪು. ತಲೆಯೆತ್ತಿದರೆ ಮೇಲೆ ಗೋಡೆ ಕಾಣುತ್ತಿತ್ತು. ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, "ಹೋಗುವನಾ?" ಎಂದರು. ಹೋಗುವಂತಿರಲಿಲ್ಲ. ರಾಜ್ಯೋತ್ಸವದ ವಿಶೇಷ ಎಂದು ಸದಣ್ಣ ನಗರದ ರೆಸ್ಟೋರೆಂಟಿನಿಂದ ಬಿಸಿಬೇಳೆಬಾತ್ ಮಾಡಿಸಿ ತರಿಸುತ್ತಿದ್ದರು. ಅದು ಬಂದ ಮೇಲೆ ಊಟ, ಊಟವಾದ ಮೇಲೆ ಗೋಡೆ. ಎಲ್ಲರ ಟಿಕೆಟ್ಟೂ ಒಟ್ಟಿಗೇ ಹೆಲೆನ್ ಕೈಯಲ್ಲಿ. ಒಬ್ಬೊಬ್ಬರೇ ಹೋಗುವ ಹಾಗಿಲ್ಲ. ಕಾದೆವು. ಬಿಸಿಬೇಳೆಬಾತ್ ಬರಲಿಲ್ಲ. ಆಮೇಲೆ ಫೋನಿನಲ್ಲಿ ತಿಳಿದದ್ದೇನೆಂದರೆ, ಈ ಗೋಡೆ ನೋಡಲು ಜನ ಹೋಗುವ ಜಾಗಗಳು ಹಲವು, ಒಂದರಿಂದ ಇನ್ನೊಂದು ದೂರ ದೂರ. ಸದಣ್ಣ ಅಡುಗೆಯವರಿಗೆ ಬರೀ "ಗ್ರೇಟ್ ವಾಲ್" ಎಂದು ಹೇಳಿದ್ದರು. ಬಿಸಿಬೇಳೆಬಾತ್ ಬೇರೆ ಬೆಟ್ಟಕ್ಕೆ ಹೋಗಿತ್ತು!

"ಬಿಟ್ಟುಬಿಡ್ರಿ ಅದನ್ನ. ಒಂದ್ ಹೊತ್ತು ಉಂಡಿಲ್ಲಂದ್ರ ಯಾರೂ ಸಾಯೂದಿಲ್ಲ" ಎಂದೆ.

"ಛೆ, ಹಾಗೆ ಹೇಗಾಗ್ತದೆ ಮೇಡಂ? ರಾಜ್ಯೋತ್ಸವ ಇವತ್ತು. ದಾರಿಯಲ್ಲಿ ಉಂಟಂತೆ" ಎಂದರು ಸದಣ್ಣ.

ದಾರಿಯಲ್ಲಿದ್ದ ಬಿಸಿಬೇಳೆಬಾತ್ ತಣ್ಣಗಾಗಿ ಬಂತು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಬಾಯಿ ಒಂದು ತುತ್ತು ಮುಟ್ಟಲಿಲ್ಲ. ಬಿಸಿಲು ಆಗಲೇ ವಾಲಿತ್ತು. ಕೊನೆಯ ಕೇಬಲ್ ಕಾರು ಹೊತ್ತು ಮುಳುಗುವ ಮೊದಲೇ ಇಳಿದುಬಿಡುತ್ತದೆ, ಮೇಲೆ ಒಂದು ತಾಸು ಸಿಕ್ಕರೆ ಹೆಚ್ಚು ಎಂದು ಹೆಲೆನ್ ಗಡಿಯಾರ ತೋರಿಸಿ ಹೇಳಿದರು. ಇಡೀ ಮಧ್ಯಾಹ್ನ ನಮ್ಮದು ಎಂದಿದ್ದರಲ್ಲ, ಆ ಮಧ್ಯಾಹ್ನ ಹೀಗೆ ಖಲಾಸ್.

ಗಾಜಿನ ಡಬ್ಬಿಯಂಥ ಕೇಬಲ್ ಕಾರಿನಲ್ಲಿ ನಾನೂ ಬಾಯಿಯೂ ಎದುರುಬದುರು ಕೂತೆವು. ಕೆಳಗೆ ಮರದ ತಲೆಗಳು. ಅವರು ಕಣ್ಣು ಮುಚ್ಚಿ ಜಪಸರ ಹಿಡಿದಿದ್ದರು. ಮೇಲೆ ಇಳಿದು, ಕಲ್ಲಿನ ಮೆಟ್ಟಿಲೇರಿ ಗೋಡೆಯ ಮೇಲೆ ನಿಂತೆವು. ಎತ್ತಿನ ಗಾಡಿ ಹೋಗುವಷ್ಟು ಅಗಲ, ಎರಡೂ ಕಡೆ ಎದೆಮಟ್ಟದ ಕಲ್ಲು. ಬೆಟ್ಟ ಏರಿದ ಕಡೆ ಏರಿ, ಇಳಿದ ಕಡೆ ಇಳಿದು, ಕಣ್ಣು ಹೋದಷ್ಟು ದೂರವೂ ಅದೇ. ಕಟ್ಟಿದವರ ಕೈಯನ್ನು ನೆನೆದು ನನಗೆ ಕಣ್ಣಲ್ಲಿ ನೀರು ಬಂತು. ಬಾಯಿ ನನ್ನ ಮುಂಗೈ ಹಿಡಿದುಕೊಂಡರು. ಎದುರಿಗೆ ಗೋಡೆ ಕಡಿದಾಗಿ ಏರಿ ಹೋಗಿತ್ತು. ಏರಿನ ತುದಿಯಲ್ಲೊಂದು ಬುರುಜು. ಬುರುಜಿಗೊಂದು ಕಪ್ಪು ಬಾಗಿಲು.

"ಅದೇ" ಎಂದರು. "ಗಿರಿಜಾ, ಅದೇ. ನನ್ನದು."

ನಾವು ಎರಡು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಹಿಂದಿನಿಂದ ಕೂಗು. "ಬಾಯಿ, ಗಿರಿಜಾ ಮೇಡಂ, ಬಲೆ ಬಲೆ, ಬನ್ನಿ ಇಲ್ಲಿ! ಒಂದೈದು ನಿಮಿಷ! ಬ್ಯಾನರಿಗೆ ಮಹಿಳೆಯರು ಬೇಕು." ನೋಡಿದರೆ ಗೋಡೆಗೆ ಅಡ್ಡವಾಗಿ, ಈ ಕಡೆಯಿಂದ ಆ ಕಡೆಯವರೆಗೆ ಹಳದಿ ಕೆಂಪಿನ ಬ್ಯಾನರ್ ಬಿಚ್ಚಿದ್ದಾರೆ. ಅದರಲ್ಲಿ ಸದಣ್ಣನ ಮುಖ, ಪ್ರಾಯೋಜಕರ ಮುಖ, ನಡುವೆ ಸಣ್ಣದಾಗಿ ಮಹಾಗೋಡೆಯ ಚಿತ್ರ. ಮಹಾಗೋಡೆಯನ್ನು ಮುಚ್ಚಿ ಮಹಾಗೋಡೆಯ ಚಿತ್ರ ಹಿಡಿದ ಜನ ಲೋಕದಲ್ಲಿ ನಾವೇ ಇರಬೇಕು. ಬಾಯಿಯ ಕೈಗೆ ಅದರ ಎಡತುದಿಯ ಹಗ್ಗ ಕೊಟ್ಟು ನಿಲ್ಲಿಸಿದರು.

ಐದು ನಿಮಿಷ ಐದು ನಿಮಿಷವಾಗಿ ಉಳಿಯಲಿಲ್ಲ. ಮೊದಲು ಒಬ್ಬ ಕಾವಲುಗಾರ ಬಂದು ಬ್ಯಾನರ್ ಇಳಿಸಿ ಎಂದು ಕೈಬೀಸಿದ. ಸದಣ್ಣ ಎದೆಯ ಮೇಲೆ ಕೈಯಿಟ್ಟುಕೊಂಡು ಕನ್ನಡ ನಾಡಿನ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದರು. ಹೆಲೆನ್ ಬೆವೆತುಹೋದರು. ಕಾವಲುಗಾರನ ಕಿವಿಯಲ್ಲಿ ಏನೋ ಹೇಳಿದರು. ಅವನು ಸದಣ್ಣನ ಕೈ ಕುಲುಕಿ, ನಗುತ್ತಾ ಪಕ್ಕಕ್ಕೆ ಸರಿದ. ಸುತ್ತ ನಿಂತಿದ್ದ ಚೀನಿಯರು ಚಪ್ಪಾಳೆ ತಟ್ಟಿದರು. ಏನು ಹೇಳಿದಿರಿ ಎಂದು ಕೇಳಿದರೆ, ಹೆಲೆನ್ ನಾಚಿಕೆಯಿಂದ, "ಇವತ್ತು ಈ ಹಿರಿಯರ ಹುಟ್ಟುಹಬ್ಬ ಎಂದೆ" ಎಂದರು. ಇದು ನಮ್ಮ ರಾಜ್ಯೋತ್ಸವ!

ಇನ್ನಾದರೂ ಫೋಟೋ ತೆಗೆದು ಬಿಡುತ್ತಾರೆ ಎಂದುಕೊಂಡೆ. ಕಾರ್ಯದರ್ಶಿ ಜೇಬಿನಿಂದ ಚೀಟಿ ತೆಗೆದು ಕಾರ್ಯಕ್ರಮ ಶುರುಮಾಡಿದರು. ಪ್ರಾರ್ಥನೆ. ಸ್ವಾಗತ ಭಾಷಣ. ಸ್ವಾಗತ ಯಾರಿಗೆ? ನಾವೇ ನಮ್ಮನ್ನು ಚೀನಾದ ಗೋಡೆಯ ಮೇಲೆ ಸ್ವಾಗತಿಸಿಕೊಂಡೆವು. ನೆರಳು ಉದ್ದವಾಗುತ್ತಿತ್ತು. ಬಾಯಿ ಬ್ಯಾನರ್ ಹಿಡಿದುಕೊಂಡೇ ಕತ್ತು ತಿರುಗಿಸಿ ಬುರುಜನ್ನು ನೋಡುತ್ತಿದ್ದರು. "ಈಗ ಪ್ರಾಸ್ತಾವಿಕ ನುಡಿ" ಎಂದು ಕಾರ್ಯದರ್ಶಿ ಹೇಳಿದ್ದೇ ತಡ, ಮಗಳಿಗೆ ಕೊಟ್ಟ ಮಾತನ್ನು ಮುರಿದೆ.

"ಏನ್ ಹಚ್ಚೀರಿ ಸದಣ್ಣಾರ ಇದು? ಗ್ವಾಡಿ ನೋಡಾಕ್ ಬಂದೀವೋ, ಶಾಲು ಹೊಚ್ಚಾಕ್ ಬಂದೀವೋ?"

"ಮೇಡಂ, ಸಮಾಧಾನ. ಸನ್ಮಾನ ಒಂದು ಆಗ್ಲಿ. ಪ್ರಾಯೋಜಕರು ಎಂತ ತಿಳ್ಕೊಳ್ತಾರೆ?"

"ಮಿರ್ದಿಫ್‌ನ್ಯಾಗ ಮಾಡ್ರಿ ಸನ್ಮಾನ! ವಾರಕ್ಕೊಂದ್ ಸಲ ಮಾಡ್ರಿ, ಬ್ಯಾಡ ಅಂದವ್ರ್ ಯಾರು? ಆ ಹೆಣ್ಮಗಳು ಇನ್ನೊಮ್ಮೆ ಇಲ್ಲಿ ಬರಾಕಾಗೂದಿಲ್ಲ. ಆ ಬುರುಜು ನೋಡಬೇಕಂತ ಮಂಡಿಗೆ ಎಣ್ಣಿ ಹಚಗೊಂಡು ಬಂದಾರ. ನೀವು ಅವ್ರ ಕೈಯಾಗ ಹಗ್ಗ ಕೊಟ್ಟು ನಿಲ್ಲಿಸೀರಿ!"

"ಬುರುಜು ಎಲ್ಲಿಗೂ ಹೋಗುದಿಲ್ಲ ಮೇಡಂ."

"ಕೇಬಲ್ ಕಾರ್ ಹೋಗತೈತಿ!"

ಪ್ರಾಯೋಜಕರು ನಡುವೆ ಬಾಯಿ ಹಾಕಿ, ಕನ್ನಡದ ಕೆಲಸಕ್ಕೆ ಹೀಗೆ ಅಡ್ಡಿ ಮಾಡಬಾರದು ಎಂದರು. ಕನ್ನಡದ ಕೆಲಸವಂತೆ! ಅವರ ಮಕ್ಕಳು ಕನ್ನಡದಲ್ಲಿ ನೀರು ಸಹ ಕೇಳುವುದಿಲ್ಲ. ಅದನ್ನೂ ಹೇಳಿದೆ. ಆ ಕಡೆಯಿಂದ ಇಬ್ಬರು ಬಂದರು, ಅವರಿಗೂ ಕೊಟ್ಟೆ. ಬಿಸಿಬೇಳೆಬಾತು, ಹಸಿರು ಕಲ್ಲು, ಏರ್‌ಪೋರ್ಟಿನ ಪೆಟ್ಟಿಗೆ ಎಲ್ಲವನ್ನೂ ಒಂದೊಂದಾಗಿ ಎತ್ತಿದೆ. ಚೀನಿಯರು ಫೋನ್ ಹಿಡಿದು ನನ್ನನ್ನೇ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಸದಣ್ಣ ಕೊನೆಗೆ ಕೈಮುಗಿದು, "ಆಯ್ತು ತಾಯಿ, ಕರ್ಕೊಂಡು ಹೋಗಿ ಬಾಯಿಯನ್ನು" ಎಂದರು. ನಾನು ಗೆದ್ದ ಹುರುಪಿನಲ್ಲಿ ತಿರುಗಿದೆ.

ಬ್ಯಾನರಿನ ಎಡತುದಿ ಹಿಡಿದು ಒಬ್ಬ ಚೀನೀ ಅಜ್ಜ ನಿಂತಿದ್ದ. ಬಿಳಿ ಮೀಸೆ, ಉಣ್ಣೆ ಟೋಪಿ. ಹಗ್ಗವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ಕ್ಯಾಮೆರಾ ನೋಡಿ ನಗುತ್ತಿದ್ದ. ಜೆಸಿಂತಾ ಬಾಯಿ ಇರಲಿಲ್ಲ.

"ಬಾಯಿ ಎಲ್ಲಿ?" ಎಂದೆ. ಅಜ್ಜ ಗದ್ದವೆತ್ತಿ ಮೇಲೆ ತೋರಿಸಿದ. ಕಡಿದಾದ ಏರಿನ ಅರ್ಧಕ್ಕೂ ಮೇಲೆ, ಕಲ್ಲಿನ ಅಂಚನ್ನು ಹಿಡಿದುಕೊಂಡು ಒಂದು ಕೆಂಪು ಸ್ವೆಟರ್ ಹೋಗುತ್ತಿತ್ತು. ನಾಲ್ಕು ಮೆಟ್ಟಿಲು, ನಿಲ್ಲುವುದು. ಮತ್ತೆ ನಾಲ್ಕು ಮೆಟ್ಟಿಲು. ಒಮ್ಮೆಯೂ ಹಿಂದೆ ನೋಡಲಿಲ್ಲ. ನಾನು ಅವರ ಪರವಾಗಿ ಜಗಳವಾಡುತ್ತಿದ್ದಾಗ ಅವರು ಹೊರಟುಹೋಗಿದ್ದರು. ನಾನೂ ಓಡಿದೆ. ಏರು ಶುರುವಾಗುವ ಹೊತ್ತಿಗೆ ಹೆಲೆನ್ ಬಂದು ನನ್ನ ತೋಳು ಹಿಡಿದರು. "ಈಗ ಹೊರಟರೆ ಇಬ್ಬರನ್ನೂ ಬಿಟ್ಟು ಹೋಗಬೇಕಾಗುತ್ತದೆ. ಅವರು ಬರುವವರೆಗೆ ನಾನು ಕಾರು ನಿಲ್ಲಿಸಿಕೊಳ್ಳುತ್ತೇನೆ. ನೀವು ಮಾತ್ರ ಬೇಡ" ಎಂದರು. ನನ್ನಷ್ಟಕ್ಕೆ ನಾನೇ ಬೈದುಕೊಳ್ಳುತ್ತಾ ಅಲ್ಲೇ ನಿಂತೆ.

ಹಿಂದೆ ಸನ್ಮಾನ ನಡೆಯುತ್ತಿತ್ತು. ಪ್ರಾಯೋಜಕರಿಗೆ ಶಾಲು, ಪೇಟ, ಹಾರ ಎಲ್ಲ ಆಯಿತು. ಸ್ಮರಣಿಕೆ ಕೊಡಲಿಕ್ಕೆ ಕೈ ಹಾಕಿದರೆ ಸ್ಮರಣಿಕೆ ಇಲ್ಲ! ಅಧ್ಯಕ್ಷರಿಗೆ ಹೊದಿಸಬೇಕಾಗಿದ್ದ ಎರಡನೆಯ ಶಾಲೂ ಇಲ್ಲ. ಎರಡೂ ಬಾಯಿಯ ಚೀಲದಲ್ಲಿದ್ದವು, ಚೀಲ ಬಾಯಿಯ ಬೆನ್ನ ಮೇಲಿತ್ತು, ಬಾಯಿ ಬುರುಜಿನ ಬಾಗಿಲಲ್ಲಿದ್ದರು. ಕಾರ್ಯದರ್ಶಿ ಬುದ್ಧಿವಂತರು. ಪ್ರಾಯೋಜಕರ ಫೋಟೋ ಆದ ಕೂಡಲೇ ಅವರ ಶಾಲು, ಪೇಟ ತೆಗೆದು ಅಧ್ಯಕ್ಷರಿಗೆ ಹಾಕಿದರು. ಸ್ಮರಣಿಕೆಯ ಬದಲು ನೀರಿನ ಬಾಟಲಿಗೆ ಕರವಸ್ತ್ರ ಸುತ್ತಿ ಕೊಟ್ಟರು. ಆಮೇಲೆ ವಂದನಾರ್ಪಣೆ. ಅದೂ ತಪ್ಪಲಿಲ್ಲ.

ಬಾಯಿ ಇಳಿದು ಬರುವಾಗ ಬಿಸಿಲು ಬೆಟ್ಟದ ತುದಿಯಲ್ಲಿ ಮಾತ್ರ ಉಳಿದಿತ್ತು. ಮೆಟ್ಟಿಲಿಗೆ ಬೆನ್ನು ಮಾಡಿ, ಒಂದೊಂದೇ ಕಾಲು ಊರಿ ಇಳಿದರು. ಮುಖ ಕೆಂಪೇರಿತ್ತು, ತುಟಿ ಒಡೆದಿತ್ತು. ಕೊನೆಯ ಕೇಬಲ್ ಕಾರಿಗೆ ಹೆಲೆನ್ ನಮ್ಮನ್ನು ಎಳೆದು ಕೂರಿಸಿದರು. ಎದುರಿನ ಸೀಟಿನಲ್ಲಿ ಸದಣ್ಣ ಶಾಲು ಹೊದ್ದುಕೊಂಡೇ ಕೂತಿದ್ದರು.

"ಬಾಯಿ, ಒಂದು ಮಾತು ಹೇಳಿ ಹೋಗ್ಬಾರ್ದಾ? ಸನ್ಮಾನ ಹಾಳಾಯ್ತು" ಎಂದರು. "ಹೋಗ್ಲಿ, ಆ ಶಾಲು ಕೊಡಿ."

"ಶಾಲು ಇಲ್ಲ. ಕೊಟ್ಟೆ."

"ಕೊಟ್ಟದ್ದಾ? ಯಾರಿಗೆ?"

"ಬುರುಜಿನ ಆಚೆ ಒಬ್ಬಳು ಗುಡಿಸ್ತಾ ಇದ್ಳು. ನನ್ನಷ್ಟೇ ಪ್ರಾಯ. ಗಾಳಿ ಹೇಗೆ ಬರ್ತಿತ್ತು ಅಂದ್ರೆ, ಪಾಪ, ಕಿವಿಗೆ ಒಂದು ತುಂಡು ಬಟ್ಟೆ ಸಮ ಇಲ್ಲ. ಸನ್ಮಾನ ಮಾಡ್ಲಿಕ್ಕೆ ಅಂತಲೇ ಅಲ್ವಾ ತಂದದ್ದು? ಮಾಡಿ ಬಂದೆ." ಚೀಲದಿಂದ ವೆಲ್ವೆಟ್ ಡಬ್ಬಿಗಳನ್ನು ತೆಗೆದು ಸದಣ್ಣನ ಮಡಿಲಿಗಿಟ್ಟರು. "ಸ್ಮರಣಿಕೆ ತಗೊಳ್ಳಿ. ಅದು ಅವಳಿಗೆ ಬೇಡವಂತೆ. ಒಳಗೆ ನಿಮ್ಮ ಫೋಟೋ ಉಂಟಲ್ಲ, ನೋಡಿ ನಗಾಡಿದ್ಳು."

ಸದಣ್ಣ ಡಬ್ಬಿ ತೆರೆದು ತಮ್ಮ ಫೋಟೋ ನೋಡಿಕೊಂಡರು. ನಾನು ನಕ್ಕ ನಗುವಿಗೆ ಕೇಬಲ್ ಕಾರು ಅಲುಗಾಡಿತು. ಹೆಲೆನ್ ಕಂಬಿ ಹಿಡಿದುಕೊಂಡರು.

ಬಸ್ಸಿನಲ್ಲಿ ನಾನು ಬಾಯಿಯ ಮಂಡಿ ತಿಕ್ಕುತ್ತಾ, ಆಚೆ ಏನಿತ್ತು ಹೇಳ್ರಿ ಎಂದು ಕೇಳಿದೆ. "ಆಚೆಯೂ ಗೋಡೆಯೇ ಮಾರಾಯ್ತಿ. ಇಳೀತದೆ, ಹತ್ತುತ್ತದೆ, ಇಳೀತದೆ. ಇನ್ನೊಂದು ಬುರುಜು, ಅದರಾಚೆ ಇನ್ನೊಂದು. ಅವಳು ಮೆಟ್ಟಿಲ ಮೇಲೆ ಕೂತ್ಕೊಳ್ಳಿಕ್ಕೆ ಜಾಗ ಮಾಡಿದ್ಳು. ಫ್ಲಾಸ್ಕಿನಿಂದ ಬಿಸಿ ನೀರು ಕೊಟ್ಟಳು. ಇಬ್ರೂ ಕೂತು ನೋಡಿದ್ವಿ. ಒಮ್ಮೆ ಬುರುಜಿನ ಒಳಗೆ ಬಂದು ಕಿಂಡಿಯಿಂದ ನಿಮ್ಮ ಸನ್ಮಾನವನ್ನೂ ನೋಡಿದ್ವಿ." ಮತ್ತೆ, "ನೀನು ಬರ್ಬೇಕಿತ್ತು ಗಿರಿಜಾ. ಜಗಳ ಮತ್ತೆಯೂ ಆಡ್ಬಹುದಿತ್ತು" ಎಂದರು. ನಾನು ಇನ್ನೊಂದು ಮಂಡಿಗೆ ಎಣ್ಣೆ ಹಚ್ಚಿದೆ.

ದುಬೈಯಲ್ಲಿ ಇಳಿದ ಕೂಡಲೇ ಎಲ್ಲರ ಫೋನುಗಳೂ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ನೂರಾರು ಫೋಟೋಗಳು. ಅದರಲ್ಲೊಂದನ್ನು ನಾನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಮುಂದೆ ಬ್ಯಾನರು, ಶಾಲು, ಪೇಟ, ಹಲ್ಲು. ಹಿಂದೆ ದೂರದಲ್ಲಿ, ಸದಣ್ಣನ ಪೇಟದ ಮೇಲುಗಡೆ, ಬುರುಜಿನ ಕಿಂಡಿಯಲ್ಲಿ ಎರಡು ಚುಕ್ಕಿ. ಒಂದು ಕೆಂಪು. ಇನ್ನೊಂದರ ಹೆಗಲ ಮೇಲೆ ಜರಿ ಹೊಳೆಯುತ್ತಿತ್ತು. ಅದನ್ನು ಬಾಯಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ನನ್ನ ಕೆನ್ನೆ ಸವರಿದರು. ತಿಂಗಳ ಕೊನೆಗೆ ಅವರು ಊರಿಗೆ ಹೊರಟುಹೋದರು.

ಹೋದ ವಾರ ಸಂಘದ ಸಂಚಿಕೆ ಕೈಗೆ ಬಂತು. ನಡುಪುಟದಲ್ಲಿ ಅದೇ ಫೋಟೋ, ಎರಡು ಪುಟ ತುಂಬ. ಮೇಲೆ ದಪ್ಪಕ್ಷರದಲ್ಲಿ "ಮಹಾಗೋಡೆ ಏರಿದ ಕನ್ನಡಿಗರು". ಕೆಳಗೆ ಎಡದಿಂದ ಬಲಕ್ಕೆ ಹೆಸರುಗಳು. ಎಡತುದಿಯಲ್ಲಿ, ಆ ಬಿಳಿಮೀಸೆಯ ಚೀನೀ ಅಜ್ಜನ ಕೆಳಗೆ, "ಶ್ರೀಮತಿ ಜೆಸಿಂತಾ ಬಾಯಿ" ಎಂದು ಅಚ್ಚಾಗಿದೆ! ಯಾರೂ ಮುಖ ನೋಡಿಲ್ಲ. ಯಾರು ಎಲ್ಲಿ ನಿಲ್ಲಬೇಕಿತ್ತೋ ಆ ಚೀಟಿಯನ್ನು ನೋಡಿ ಬರೆದಿದ್ದಾರೆ. ಅವರು ಮದುವೆಯೇ ಆದವರಲ್ಲ, ಶ್ರೀಮತಿ ಬೇರೆ. ಆಮೇಲೆ ಬುರುಜನ್ನು ನೋಡಿದೆ. ಕಿಂಡಿ ಖಾಲಿ. ಎರಡು ಚುಕ್ಕಿಗಳೂ ಇಲ್ಲ.

ಕಾರ್ಯದರ್ಶಿಗೆ ಫೋನ್ ಮಾಡಿ ಕೇಳಿದೆ. "ಹೌದಾ ಮೇಡಂ? ಡಿಸೈನ್ ಮಾಡುವವನಿಗೆ ಹಿಂದೆ ಯಾರೋ ಟೂರಿಸ್ಟ್ ಕಾಣ್ತಾರೆ, ಕ್ಲೀನ್ ಮಾಡು ಅಂತ ಹೇಳಿದ್ದೆ. ಅಧ್ಯಕ್ಷರ ತಲೆಯ ಮೇಲೆ ಬರ್ತಿತ್ತು, ಸರಿ ಕಾಣ್ತಿರಲಿಲ್ಲ" ಎಂದರು. ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಶಿರ್ವಕ್ಕೆ ಫೋನ್ ಹಚ್ಚಿದೆ. ಬಾಯಿ ಎಲ್ಲವನ್ನೂ ಕೇಳಿಸಿಕೊಂಡು, ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಬುರುಜು ಇಟ್ಟಿದ್ದಾರಲ್ಲ?" ಎಂದರು.

"ಬುರುಜು ಐತ್ರಿ. ನೀವಿಲ್ಲ."

"ಸಾಕು ಬಿಡು. ಅಷ್ಟೊತ್ತಿಗೆ ನಾವು ಆಚೆ ಬದಿಗೆ ಹೋಗಿ ಆಗಿತ್ತು ಅಂತ ತಿಳ್ಕೊ."

ಅವರು ಬಿಟ್ಟಾರು, ನಾನು ಬಿಡುವವಳಲ್ಲ. ಕೇಳಿದ ಪ್ರವಾಸ ಕಥನ ಇದು. ಇದನ್ನು ಹಾಕುವುದಾದರೆ ಜೊತೆಗೆ ಒರೆಸದ ಫೋಟೋವನ್ನೂ ಹಾಕಿ, ನನ್ನ ಫೋನಿನಲ್ಲಿದೆ, ಕಳಿಸುತ್ತೇನೆ. ಅದರ ಕೆಳಗೆ ಹೀಗೆ ಬರೆಯಿರಿ. ಬ್ಯಾನರಿನ ಎಡತುದಿ ಹಿಡಿದವರು ಒಬ್ಬ ಚೀನೀ ಅಜ್ಜ. ಮಹಾಗೋಡೆ ಏರಿದವರು, ಹಿಂದೆ ಬುರುಜಿನಲ್ಲಿ, ಎಡದಿಂದ ಬಲಕ್ಕೆ: ಕುಮಾರಿ ಜೆಸಿಂತಾ ಬಾಯಿ, ಮತ್ತು ಸನ್ಮಾನದ ಶಾಲು ಹೊದ್ದ, ಅಲ್ಲಿ ದಿನಾ ಗುಡಿಸುವ ಹೆಂಗಸು. ಉಳಿದವರು, ನಾನೂ ಸೇರಿ, ಕೆಳಗಿದ್ದೆವು.